ತೆಂಗಿನೆಣ್ಣೆ ಹಚ್ಚಿದ ಕೋವಿ

ಎದುರು ಮನೆಯ ಮಾಮನ ಬಲಗೈಯ ಕೊನೆಯ ಮೂರು ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಕಾಫಿ ಆರಲೆಂದು ಕಾಯುವಾಗ, ಲಿಫ್ಟಿಗೆ ನಿಂತಾಗ, ಅವು ಒಟ್ಟಾಗಿ ಮುಂದಕ್ಕೆ ಹೋಗಿ ಥಟ್ಟನೆ ಹಿಂದಕ್ಕೆ ಬರುತ್ತಿದ್ದವು. ಅಮ್ಮನ ಜೊತೆ ಕಾಂದಿವಲಿಯ ಆ ಬಿಲ್ಡಿಂಗಿಗೆ ಬಂದ ಹೊಸತರಲ್ಲಿ ನಾನು, ಪಾಪ, ಏನೋ ನರದ ಕಾಯಿಲೆ ಅಂದುಕೊಂಡಿದ್ದೆ.

ಕಾಯಿಲೆ ಎಲ್ಲಿಂದ ಬರಬೇಕು, ಅದು ಕೋವಿಯ ಚಾಳಿ! ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಮಾಮನ ಕಪಾಟಿನಲ್ಲಿ, ಅವರ ಅಪ್ಪ ಜಿಂಕೆ ಬೇಟೆಗೆ ಒಯ್ಯುತ್ತಿದ್ದ ಅಮೆರಿಕದ ಹಳೆಯ ರೈಫಲ್ ಇತ್ತು. ಅದರ ಕೆಳಗೆ ಉಕ್ಕಿನ ಬಳೆಯಂಥ ಲಿವರ್. ಮೂರು ಬೆರಳು ತೂರಿಸಿ ಮುಂದಕ್ಕೆ ತಳ್ಳಿ ಎಳೆದರೆ ಹೊಸ ತೋಟೆ ಬಂದು ಕೂರುತ್ತದೆ. ಮಾಮ ಮಾತ್ರ ಜೀವಮಾನದಲ್ಲಿ ಒಂದು ಈಡೂ ಹೊಡೆದವರಲ್ಲ, ಮನೆಗೆ ತೋಟೆ ತಂದವರೂ ಅಲ್ಲ. ಪ್ರತಿ ಭಾನುವಾರ ಹಳೆಯ ಪಂಚೆ ಹಾಸಿ, ಖಾಲಿ ಕೋವಿಯನ್ನು ಅದರ ಮೇಲೆ ಮಲಗಿಸಿ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಅಪ್ಪನ ಕೈಯ ಬೆವರಿಗೆ ಕಪ್ಪಾದ ಮರದ ಹಿಡಿಯನ್ನು ಕೆನ್ನೆಗಿಟ್ಟುಕೊಂಡು, “ಶಬ್ದ ಕೇಳು ಮಾರಾಯ್ತಿ” ಎಂದು ಲಿವರ್ ಎಳೆಯುವರು. ಟಕ್-ಟಕ್. ನಿಜ ಹೇಳುತ್ತೇನೆ, ನನಗೂ ಆ ಶಬ್ದ ಹಿಡಿಸಿಬಿಟ್ಟಿತ್ತು.

ಒಂದು ಮಳೆಗಾಲದಲ್ಲಿ ಉಡುಪಿಯಲ್ಲಿದ್ದ ಅವರ ತಂಗಿ ಹಾಸಿಗೆ ಹಿಡಿದರು. ಹೊರಡುವ ಮುಂಚೆ ಮಾಮ, ಜೋಪಾನವಾಗಿರಲಿ ಅಂತ ಅರ್ಧ ಬಾಟಲಿ ತೆಂಗಿನೆಣ್ಣೆಯನ್ನು ಕೋವಿಯೊಳಕ್ಕೆ ಸುರಿದರು. ಎರಡು ತಿಂಗಳ ಮೇಲೆ ಬಂದು ನೋಡಿದರೆ ಎಣ್ಣೆ ಧೂಳು ಕೂಡಿ ಗೋಂದಾಗಿ, ಲಿವರ್ ಅಲುಗಲೊಲ್ಲದು! ಮಾಮ ಮಕ್ಕಳ ಹಾಗೆ ಅತ್ತರು. ಬಿಚ್ಚಿ ತೊಳೆದು ಸರಿಮಾಡಿಕೊಟ್ಟ ರಿಪೇರಿಯ ಮಿಸ್ತ್ರಿ ನಕ್ಕು, “ಅಂಕಲ್, ಯೇ ರೈಫಲ್ ಹೈ, ಡೋಸೇ ಕಾ ತವಾ ನಹೀಂ” ಅಂದನಂತೆ, ಎಣ್ಣೆ ಸುರಿಯಲು ಇದೇನು ದೋಸೆ ಕಾವಲಿಯೇ ಅಂತ. ನಾನು ಹೊಲಿಗೆ ಮೆಷಿನ್ನಿನ ಎಣ್ಣೆ ತಂದುಕೊಟ್ಟೆ. ಮುಟ್ಟಲಿಲ್ಲ.

“ಅಪ್ಪ ಹಚ್ಚುತ್ತಿದ್ದದ್ದು ತೆಂಗಿನೆಣ್ಣೆಯೇ. ಎಣ್ಣೆಯದ್ದು ತಪ್ಪಲ್ಲ, ನಾನು ಬಿಟ್ಟು ಹೋದದ್ದು ತಪ್ಪು.”

ಅಲ್ಲಿಗೆ ಮುಗಿಯಿತು. ಆಮೇಲೆ ಒಂದು ಭಾನುವಾರವೂ ಅವರು ಊರು ಬಿಡಲಿಲ್ಲ. ಅಪ್ಪನ ಪಾಲಿಗೆ ಬೇಟೆ, ಇವರ ಪಾಲಿಗೆ ಪಹರೆ. ಬಾಂದ್ರಾದಲ್ಲಿದ್ದ ಮಗ, “ಪಪ್ಪಾ, ಸರೆಂಡರ್ ಕರ್ ದೋ ನಾ” ಎಂದು ಹೇಳಿ ಹೇಳಿ ಸೋತ. ಪೊಲೀಸರ ಗೋಡೌನಿನಲ್ಲಿ ತುಕ್ಕು ಹಿಡಿಯಲು ಕೊಡುವುದೇ? ಅದು ಇವರಿಗೆ ಸಾಧ್ಯವಿರಲಿಲ್ಲ.

“ನಾನು ಕೋವಿ ಕಾಯುವುದಾ, ಕೋವಿ ನನ್ನನ್ನು ಕಾಯುವುದಾ, ಒಂದೂ ಗೊತ್ತಾಗುವುದಿಲ್ಲ” ಎಂದು ನಗುತ್ತಿದ್ದರು.

ಅಮ್ಮ ಆಸ್ಪತ್ರೆಯಲ್ಲಿದ್ದ ತಿಂಗಳು, ದಿನಾ ಸಂಜೆ ಲೋಕಲಿನ ನೂಕುನುಗ್ಗಲಿನಲ್ಲಿ ಗ್ರಾಂಟ್ ರೋಡಿನ ತಮ್ಮ ಹಳೆಯ ಹೋಟೆಲಿನಿಂದ ಬಿಸಿ ಗಂಜಿ, ಸಾರು ತಂದುಕೊಟ್ಟ ಮನುಷ್ಯ ಅವರು. ಆ ಮನುಷ್ಯ ಒಂದು ದಿನ ನಮ್ಮ ಬಾಗಿಲಲ್ಲಿ ಒಂದು ಫಾರ್ಮ್ ಹಿಡಿದು ನಿಂತರು.

“ನೀನು ಇದಕ್ಕೊಂದು ಸಹಿ ಮಾಡಿ ಲೈಸೆನ್ಸಿಗೆ ಅರ್ಜಿ ಹಾಕು ಮಗಳೇ. ಸಿಕ್ಕಿದರೆ ಕೋವಿ ನಿನ್ನ ಹೆಸರಿಗೆ ಮಾಡ್ತೇನೆ. ಶಬ್ದದ ಬೆಲೆ ಗೊತ್ತಿರುವವಳು ನೀನೊಬ್ಬಳೇ. ಮತ್ತೆ ನಾನು ತಂಗಿಯ ಹತ್ತಿರ ಹೋಗಿ ಇರ್ತೇನೆ. ಅವಳಿಗೂ ಯಾರಿದ್ದಾರೆ?”

“ಚೆನ್ನಾಗಿದೆ ಮಾಮ! ನಮ್ಮನೇಲಿ ಮೊಟ್ಟೇನೇ ಇಡಲ್ಲ, ಇನ್ನು ಕೋವಿ ಇಡ್ತೀನಾ?” ಅಂದೆ.

ಅವರೂ ನಕ್ಕರು. ಫಾರ್ಮನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಡಿ, ಮೊಟ್ಟೆ ಎಲ್ಲ ನೆಪ. ಅವರನ್ನು ಕಟ್ಟಿಹಾಕಿದ ಹಗ್ಗ ನನ್ನ ಕೊರಳಿಗೆ ಬೀಳುತ್ತದೆಂದು ನಾನು ಹೆದರಿದ್ದೆ.

ಮರುವರ್ಷ ತಂಗಿ ತೀರಿಕೊಂಡರು. ಮಾಮ ಶುಕ್ರವಾರ ಹೋದವರು ಹದಿಮೂರನೆಯ ದಿನದ ಕಾರ್ಯಕ್ಕೂ ನಿಲ್ಲದೆ ಭಾನುವಾರದ ಹೊತ್ತಿಗೆ ವಾಪಸ್. ಎಣ್ಣೆ ಬಾಟಲಿ ತೆಗೆದರು. ನಾನು ಕರೆದರೂ ತಿರುಗಿ ನೋಡಲಿಲ್ಲ. ಅದಾದ ಎಂಟೇ ತಿಂಗಳಿಗೆ, ಮಧ್ಯಾಹ್ನದ ನಿದ್ದೆಯಲ್ಲಿ ಅವರೂ ಹೋದರು.

ವಾರದ ಮೇಲೆ ಮಗನೇ ಪೊಲೀಸರನ್ನು ಕರೆಸಿದ. ಹವಾಲ್ದಾರ ಕೋವಿಯನ್ನು ಗೋಣಿ ಬಟ್ಟೆಯಲ್ಲಿ ಸುತ್ತಿ, ಪಂಚನಾಮೆಗೆ ನೆರೆಯವರ ಸಾಕ್ಷಿ ಬೇಕೆಂದು ನಮ್ಮ ಬಾಗಿಲು ತಟ್ಟಿದ. “ಬಾಯಿ, ಇಥೆ ಸಹಿ ಕರಾ” ಎಂದು ಮರಾಠಿಯಲ್ಲಿ ಹೇಳಿ ಬೆರಳಿಟ್ಟು ತೋರಿಸಿದ.

ಮಾಡಿದೆ. ಮಾಮ ನನ್ನಲ್ಲಿ ಕೇಳಿದ್ದೂ ಒಂದು ಸಹಿಯನ್ನೇ.