ನಮ್ಮ ಕಟ್ಟಡದ ಹೆಜ್ಜೆಗುರುತು

ಲೋಕದ ಜನರೆಲ್ಲ ನನ್ನ ಹಾಗೆಯೇ ಬದುಕಿದರೆ ಎರಡೂವರೆ ಭೂಮಿ ಬೇಕಾಗುತ್ತದಂತೆ. ನಿವೃತ್ತನಾದ ಮೇಲೆ ಮೊಬೈಲಿನಲ್ಲಿ ಸಿಕ್ಕ ಪ್ರಶ್ನಾವಳಿಯೊಂದನ್ನು ತುಂಬಿ ತಿಳಿದುಕೊಂಡ ಸಂಗತಿ ಇದು. ನಾನು ತಿನ್ನುವುದು, ಸ್ನಾನಕ್ಕೆ ನೀರು ಕಾಯಿಸುವುದು, ಬಸ್ಸು ಬಿಟ್ಟು ಆಟೋ ಹತ್ತುವುದು ಎಲ್ಲವನ್ನೂ ಕೂಡಿಸಿ ಅದು ನನ್ನ ಪರಿಸರ ಹೆಜ್ಜೆಗುರುತನ್ನು ಅಳೆಯಿತು. ಅಲ್ಲಿಯವರೆಗೂ ನಾನು ಬಹಳ ಸರಳ ಮನುಷ್ಯನೆಂದೇ ನಂಬಿದ್ದೆ.

ಮಾರನೆಯ ದಿನವೇ ಗೀಸರ್ ಬಿಟ್ಟೆ. ತರಕಾರಿಗೆ ಕಲಾಸಿಪಾಳ್ಯಕ್ಕೆ ನಡೆದೇ ಹೋಗತೊಡಗಿದೆ. ಎರಡು ತಿಂಗಳಲ್ಲಿ ಎರಡೂವರೆ ಭೂಮಿ ಒಂದೂಮುಕ್ಕಾಲಿಗೆ ಇಳಿಯಿತು. ತೂಕ ಇಳಿಸಿಕೊಂಡವನ ಕಣ್ಣಿಗೆ ಮಿಕ್ಕವರೆಲ್ಲ ದಪ್ಪಗೆ ಕಾಣುತ್ತಾರಲ್ಲ, ನನಗೂ ಹಾಗೆಯೇ ಆಯಿತು. ಗವಿಪುರದ ನಮ್ಮ ಕಟ್ಟಡದಲ್ಲಿ ಆರು ಮನೆಗಳು. ಎಲ್ಲ ಮನೆಗೂ ಹೋಗಿ ಪ್ರಶ್ನಾವಳಿ ತುಂಬಿಸಿದೆ. "ನಮ್ಮದು ನಾವು ನೋಡ್ಕೊಂಡ್ರೆ ಸಾಲ್ದಾ?" ಎಂದು ಹೆಂಡತಿ ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಡಿಮೆ ಭೂಮಿ ಬೇಕಾದವರು ಮೊದಲು ಬರುವಂತೆ ಮನೆಗಳ ಪಟ್ಟಿ ಮಾಡಿ ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದೆ. ಮೊದಲ ಹೆಸರು ನನ್ನದು. ಅದನ್ನು ಸ್ವಲ್ಪ ದಪ್ಪ ಅಕ್ಷರದಲ್ಲೇ ಬರೆದಿದ್ದೆ.

ಕೊನೆಯ ಹೆಸರು ನೆಲಮಹಡಿಯ ಸುನಂದಮ್ಮನವರದು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಗಂಡನೊಂದಿಗೆ ಬಾಡಿಗೆಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಹೆಚ್ಚು ಮಾತಿನವರಲ್ಲ. ಅವರ ಕರೆಂಟ್ ಬಿಲ್ಲಿನ ಯೂನಿಟ್ಟು ನಮ್ಮದರ ಮೂರರಷ್ಟಿತ್ತು. ಬಾಗಿಲಲ್ಲೇ ನಿಂತು ಬಿಲ್ಲು ತೋರಿಸಿದ್ದರು. ನಾನು ಹುಬ್ಬೇರಿಸಿದ್ದನ್ನು ಅವರು ನೋಡಿರಬೇಕು.

ಒಂದು ವಾರ ಕಳೆದಿರಬಹುದು. ಬೆಳಿಗ್ಗೆ ಕೆಳಗಿಳಿದಾಗ ಹಿತ್ತಿಲ ಒಗೆಯುವ ಕಲ್ಲಿನ ಮುಂದೆ ಸುನಂದಮ್ಮ ದಪ್ಪ ಹೊದಿಕೆಯೊಂದನ್ನು ಕುಸುಬುತ್ತಿದ್ದರು. ಉಸಿರು ಏರಿತ್ತು. ವಾಷಿಂಗ್ ಮಷೀನ್ ಕೆಟ್ಟಿದೆಯೇ ಎಂದು ಕೇಳಿದೆ.

"ಇಲ್ಲ ಸಾರ್, ಚೆನ್ನಾಗೇ ಇದೆ. ಪಟ್ಟೀಲಿ ಕೊನೇಲಿದೀವಲ್ಲ... ಯಜಮಾನ್ರ ಆಕ್ಸಿಜನ್ ಮಷೀನ್ ಆಫ್ ಮಾಡಕ್ಕಾಗಲ್ಲ. ಅದಕ್ಕೆ ಮಿಕ್ಕಿದ್ದೆಲ್ಲ ಆಫ್ ಮಾಡಿದೀನಿ."

ಫ್ರಿಜ್ಜನ್ನೂ ನಿಲ್ಲಿಸಿದ್ದರಂತೆ. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಕಟ್ಟಡದವರಿಗೆ ತಮ್ಮಿಂದ ತೊಂದರೆಯಾಯಿತೇನೋ ಎಂಬ ಸಂಕೋಚವಿತ್ತು.

ಅವರ ಹಿಂದೆಯೇ ಒಳಗೆ ಹೋದೆ. ಅವರ ಗಂಡ ನಂಜಪ್ಪನವರು ದಿಂಬಿಗೊರಗಿ ಕೂತಿದ್ದರು, ಮೂಗಿಗೆ ಸಣ್ಣ ಕೊಳವೆ. ಶ್ವಾಸಕೋಶದ ಕಾಯಿಲೆ, ಹಗಲೂ ರಾತ್ರಿ ಮಷೀನ್ ಓಡಲೇಬೇಕು. ನಾನು ತಪ್ಪಾಯಿತೆಂದೆ. ಅವರು ನಿಧಾನವಾಗಿ ಉಸಿರು ತೆಗೆದುಕೊಂಡು, "ನಾನೊಬ್ಬ ಉಸಿರಾಡಕ್ಕೆ ಎಷ್ಟು ಭೂಮಿ ಬೇಕು ಅಂತ ಬಂತು ಸಾರ್?" ಎಂದರು. ಅಣಕವಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಅದನ್ನು ಹೇಳುವ ಬದಲು ನೇರವಾಗಿ ಮೆಟ್ಟಿಲ ಬಳಿಗೆ ಹೋದೆ.

ಪಟ್ಟಿ ಕಿತ್ತು ಹಾಕಿದೆ. ಅಷ್ಟಕ್ಕೇ ಹೆಂಡತಿ ಸುಮ್ಮನಾಗಲಿಲ್ಲ. ಕರೆಂಟ್ ಹೋದಾಗ ಅವರು ಏನು ಮಾಡುತ್ತಾರೆಂದು ವಿಚಾರಿಸಿಕೊಂಡು ಬಂದಳು. ಸಣ್ಣ ಸಿಲಿಂಡರ್ ಒಂದಿದೆಯಂತೆ, ಎರಡು ಗಂಟೆಗೆ ಮುಗಿಯುತ್ತದಂತೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ನಮ್ಮ ಯುಪಿಎಸ್ಸಿನಿಂದ ಕೆಳಗಿನ ಮನೆಗೆ ತಂತಿ ಎಳೆಸಿದೆವು. ಬ್ಯಾಟರಿಯನ್ನೂ ದೊಡ್ಡದು ಹಾಕಿಸಿದೆವು. ಕರೆಂಟ್ ಹೋದರೆ ಈಗ ನಮ್ಮ ಮನೆಯ ಫ್ಯಾನ್ ನಿಲ್ಲುತ್ತದೆ, ಅವರ ಮಷೀನ್ ಓಡುತ್ತದೆ. ಬೀಸಣಿಗೆ ಹಿಡಿದು ಕೂತಾಗ ಕೆಳಗಿನಿಂದ ಅದರ ಸದ್ದು ಕೇಳಿಸುತ್ತದೆ. ಆ ಸದ್ದು ಕೇಳುವವರೆಗೆ ನಮ್ಮಿಬ್ಬರಿಗೂ ಸಮಾಧಾನವಿಲ್ಲ.

ಅಳೆಯುವುದನ್ನು ನಾನು ಬಿಟ್ಟಿಲ್ಲ. ನಡಿಗೆಯೂ ತಣ್ಣೀರೂ ಮುಂದುವರಿದಿವೆ. ಅಳೆಯುವುದು ನನ್ನನ್ನು ಮಾತ್ರ. ಮೊನ್ನೆ ಮತ್ತೆ ಪ್ರಶ್ನಾವಳಿ ತುಂಬುವಾಗ, ನಿಮ್ಮ ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂದು ಅದು ಕೇಳಿತು. ಎರಡು ಎಂದು ಒತ್ತಿದವನು ಅಳಿಸಿ ನಾಲ್ಕು ಎಂದು ತುಂಬಿದೆ. ಖರ್ಚು ನಾಲ್ವರಿಗೆ ಹಂಚಿಹೋಗಿ ಭೂಮಿಯ ಲೆಕ್ಕ ತುಸು ಇಳಿಯಿತು. ಮೋಸ ಮಾಡಿದೆನೆಂದು ಮಾತ್ರ ಅನ್ನಿಸಲಿಲ್ಲ.