ಅತ್ತೆ ಅಳಿಸಿ ಹಾಕಿಸಿದ ಫೋಟೊಗಳು

ಅತ್ತೆಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ. ಎಲೆ ಅಡಿಕೆಯಿಂದ ಕೆಂಪಾದ ನಾಲಿಗೆ ಆ ಸಂದಿಯಿಂದ ಆಗಾಗ ಇಣುಕುತ್ತಿತ್ತು. ಆಕೆ ಅಪ್ಪನ ಅಕ್ಕ. ರೋಣದ ನಮ್ಮ ಮನೆಯಲ್ಲೇ ಇದ್ದು ದನ, ಆಳು, ನೆಂಟರು, ನಾವು ಎಲ್ಲರನ್ನೂ ಒಂದೇ ದನಿಯಲ್ಲಿ ಗದರಿಸುತ್ತಿದ್ದಳು. ಯಾರಿಗೂ ಅಂಜದವಳು ಅಂಜುತ್ತಿದ್ದದ್ದು ಕ್ಯಾಮೆರಾಕ್ಕೆ ಮಾತ್ರ.

ನಾನು ಡಿಜಿಟಲ್ ಕ್ಯಾಮೆರಾ ಕೊಂಡ ಮೇಲೆ, ತೆಗೆದ ಫೋಟೊವನ್ನು ಅಳಿಸಲೂ ಬರುತ್ತದೆ ಎಂಬುದು ಆಕೆಗೆ ತಿಳಿದುಹೋಯಿತು. ಅಲ್ಲಿಂದ ನನ್ನ ಪಾಡು ನಾಯಿಪಾಡು. ಅಪ್ಪನ ಜೊತೆ ನಿಲ್ಲಿಸಿದರೆ ತುಟಿ ಬಿಗಿದು ನಿಲ್ಲುವಳು. ನಾನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅಪ್ಪ ಕಿವಿಯಲ್ಲಿ ಏನೋ ಊದುವನು, ಅತ್ತೆ ಬಾಯಿ ತೆರೆದು ನಕ್ಕುಬಿಡುವಳು. ಸಂಜೆ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು ಪಂಚಾಯ್ತಿಗೆ ಕೂರುವಳು.

“ಇದ್ರಾಗ ಹಲ್ಲ ಕಾಣಸ್ತದ, ಒರಸು.”

“ಹಲ್ಲs ಇಲ್ಲಲ್ಲ ಅತ್ತಿ, ಕಾಣೂದು ಹ್ಯಾಂಗ?”

“ಇಲ್ಲದ್ದು ಕಾಣಸ್ತದಲ್ಲ, ಅದಕ್ಕ. ಪಾಟಿ ಒರಸಿದಂಗ ಒರಸಿಬಿಡು.”

ಆಕೆಯ ಕಣ್ಣೆದುರೇ ಅಳಿಸುತ್ತಿದ್ದೆ.

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ದಸರೆಯ ಖಂಡೇಪೂಜೆಯ ದಿನ ಟ್ರ್ಯಾಕ್ಟರು, ಸೈಕಲ್ಲು, ಹೊಲಿಗೆ ಯಂತ್ರ ಎಲ್ಲಕ್ಕೂ ಕಾಯಿ ಒಡೆದು ನೀರು ಬಿಟ್ಟ ಅತ್ತೆ, ನಾನು ಹೊರಗೆ ಹೋದ ಸಮಯ ನೋಡಿ ಕಂಪ್ಯೂಟರಿಗೂ ಬಿಟ್ಟಳು. ಅದು ಚಾಲೂ ಇತ್ತು. ಎರಡು ಸಲ ಚಿಟಪಿಟ ಎಂದು ಪ್ರಾಣ ಬಿಟ್ಟಿತು.

“ಎಲ್ಲಾಕ್ಕೂ ಮಾಡಿ ಅದೊಂದನ್ನ ಬಿಟ್ರ ದೇವ್ರು ಮೆಚ್ಚತಾನೇನು?” ಎಂದು ನನ್ನ ಮೇಲೇ ಹರಿಹಾಯ್ದಳು. ಗೋಡೆಯ ಮೇಲಿನ ಸಿಡುಕು ಮುಖದ್ದೊಂದು ಬಿಟ್ಟರೆ ಅಪ್ಪನ ಫೋಟೊ ಅಷ್ಟೂ ಅದರೊಳಗೇ ಇದ್ದವು ಎಂದೆ. ಅತ್ತೆ ಸೆರಗಿನಿಂದ ಕಂಪ್ಯೂಟರಿನ ನೀರು ಒರೆಸತೊಡಗಿದಳು. ಅವತ್ತು ಹೋಳಿಗೆಯನ್ನೂ ಮುಟ್ಟಲಿಲ್ಲ.

ಹಬ್ಬ ಮುಗಿದ ಮೇಲೆ ಗಜೇಂದ್ರಗಡದ ರಿಪೇರಿಯವನ ಬಳಿಗೆ ಹೊರಟೆವು. ಕಂಪ್ಯೂಟರಿನ ಡಬ್ಬವನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಳು. ಕೆಳಗಿಡಲು ಹೇಳಿದ ಕಂಡಕ್ಟರನಿಗೆ, “ಇದ್ರಾಗ ನನ್ನ ತಮ್ಮ ಅದಾನ್ರಿ,” ಎಂದಳು. ಆತ ಟಿಕೆಟ್ ಕೊಡುವುದನ್ನೂ ಮರೆತು ಮುಂದೆ ಹೋದ.

ವಾರದ ಮೇಲೆ ಮತ್ತೆ ಹೋದಾಗ ರಿಪೇರಿಯವನು ಮುಜುಗರಪಟ್ಟುಕೊಂಡು ಹೇಳಿದ: “ಇದ್ದ ಫೋಟೊ ಎಲ್ಲಾ ಕೆಟ್ಟಾವ್ರಿ. ನೀವು ಹಿಂದ ಅಳಿಸಿದ್ದು ಡಿಸ್ಕಿನ್ಯಾಗ ಉಳದಿರ್ತಾವಲ್ಲ, ಅವಷ್ಟು ಚಲೋ ಬಂದಾವ.”

ಪರದೆಯ ತುಂಬ ಅತ್ತೆಯ ಬೊಚ್ಚು ಬಾಯಿ. ನಾನು ಬೈಗುಳಕ್ಕೆ ಸಿದ್ಧನಾದೆ. ಆದರೆ ಆಕೆ ತನ್ನ ಬಾಯಿಯನ್ನು ನೋಡಲೇ ಇಲ್ಲ. ಪಕ್ಕದಲ್ಲಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಂದಲ್ಲ, ಎಲ್ಲ ಫೋಟೊಗಳಲ್ಲೂ.

“ಹ್ಯಾಂಗ ನಗತಾನ ನೋಡ್ರಿ ಕಳ್ಳ,” ಎಂದು ರಿಪೇರಿಯವನಿಗೆ ತೋರಿಸುತ್ತ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು.

ಅತ್ತೆಯೂ ಈಗ ಇಲ್ಲ. ಅಪ್ಪ ಎಂದರೆ ನನಗೆ ಅಂಜಿಕೆಯೇ ಹೆಚ್ಚು. ನನ್ನೊಡನೆ ಆತ ಹಾಗೆ ನಕ್ಕದ್ದು ನೆನಪಿಲ್ಲ. ಕ್ಯಾಮೆರಾ ಹಿಡಿದಾಗಲೂ, ಆಮೇಲೆ ಅಳಿಸುವಾಗಲೂ ಅತ್ತೆಯ ಬಾಯಿಯನ್ನೇ ನೋಡುತ್ತಿದ್ದೆನಲ್ಲ, ಆತನ ಮುಖ ನೋಡಿರಲೇ ಇಲ್ಲ. ನಗುವ ಅಪ್ಪನನ್ನು ನನಗೆ ಕೊಟ್ಟವಳು ಅತ್ತೆ.

ಅಜ್ಜನನ್ನು ಕಾಣದ ನನ್ನ ಮಗಳು ಆ ಫೋಟೊಗಳನ್ನು ನೋಡಿ ಕೇಳುತ್ತಾಳೆ: “ಅಜ್ಜ ಯಾವಾಗ್ಲೂ ಹಿಂಗs ನಗತಿದ್ನೇನಪ್ಪಾ?”

ಹೌದವಾ ಎನ್ನುತ್ತೇನೆ. ಅತ್ತೆ ಪಕ್ಕದಲ್ಲಿ ನಿಂತಿರುವಷ್ಟು ಹೊತ್ತು ಅದು ಸುಳ್ಳಲ್ಲ.