ಹೆಡ್ಮಾಷ್ಟ್ರ ಬಲಗೈ

ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸದಾ ಉರುಳುತ್ತಿತ್ತು. ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ. ಆದರೂ ಬೀಡಿ ಕಟ್ಟುವವರ ಬೆರಳುಗಳಂತೆಯೇ ಅವು ಬಿಡುವಿಲ್ಲದೆ ದುಡಿಯುತ್ತಿದ್ದವು. ಟ್ರೈನಿಂಗ್ ಮುಗಿಸಿ ಆಲಂಕಾರಿನ ಹತ್ತಿರದ ಶಾಲೆಗೆ ಟೀಚರಾಗಿ ಸೇರಿದ ದಿನ ನನ್ನ ಕಣ್ಣು ಆ ಕೈಯ ಮೇಲೆಯೇ ನಿಂತಿತು. ಹೆಡ್ಮಾಷ್ಟ್ರು ಅದನ್ನು ಗಮನಿಸಿದರು.

“ಊರಿನವರೆಲ್ಲ ಬೀಡಿ ಕಟ್ಟುದು ಟೀಚರ್. ನಾನೊಬ್ಬ ಸುಮ್ಮನೆ ಕೂತ್ರೆ ಚಂದ ಉಂಟಾ?”

ಹೇಳುವಾಗ ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ನಗಬೇಕೋ ಬೇಡವೋ ತಿಳಿಯದೆ ನಾನು ತರಗತಿಗೆ ನಡೆದೆ. ಮುಖ ಹಾಗೆ ಬಿಗಿದುಕೊಂಡಿರುವುದೂ ಕಾಯಿಲೆಯ ಲಕ್ಷಣವೇ ಎಂದು ತಿಳಿದದ್ದು ಆಮೇಲೆ. ಮಂಗಳೂರಿನ ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಎಂಬ ಹೆಸರು ಹೇಳಿದ್ದರು. “ಬ್ರಿಟಿಷರೆಲ್ಲ ಹೋದ್ರು ಅಂತ ಧ್ವಜ ಹಾರಿಸಿದೆವು. ಒಬ್ಬ ನನ್ನ ಕೈಯಲ್ಲೇ ಉಳಿದಿದ್ದಾನೆ” ಎಂದು ನನಗೊಮ್ಮೆ ಹೇಳಿದರು. ಹಾಗೆ ಹೇಳಿದ್ದು ನನಗೆ ಮಾತ್ರ. ಮನೆಯವರನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೇ.

ಬೇರೆ ಯಾರಿಗೂ ಗೊತ್ತಾಗಬಾರದಿತ್ತು ಕೂಡ. ಶಾಲೆ ನಡೆಸುತ್ತಿದ್ದ ಸಂಚಾಲಕರು ಕಟ್ಟುನಿಟ್ಟಿನವರು. ಕೈ ನಡುಗುವ ಹೆಡ್ಮಾಷ್ಟ್ರನ್ನು ಅವರು ಒಂದು ತಿಂಗಳೂ ಇಟ್ಟುಕೊಳ್ಳುವವರಲ್ಲ. ಕೆಲಸ ಹೋದರೆ ಆ ಮನೆಗೆ ಬೇರೆ ಆಧಾರವಿರಲಿಲ್ಲ. ಮಗಳು ಪುತ್ತೂರಿನ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಏನಾದರೂ ಹಿಡಿದಿದ್ದರೆ ಹೆಡ್ಮಾಷ್ಟ್ರ ಕೈ ಸ್ವಲ್ಪ ಸುಮ್ಮನಿರುತ್ತಿತ್ತು. ಆದ್ದರಿಂದ ಬಿಸಿಲಿರಲಿ ಮಳೆಯಿರಲಿ ಕೊಡೆ ಬಿಡುತ್ತಿರಲಿಲ್ಲ. ಬೋರ್ಡಿನ ಮೇಲೆ ಅವರ ಅಕ್ಷರ ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆಯಷ್ಟು ಸಣ್ಣದಾಗುತ್ತಿತ್ತು. ಹಿಂದಿನ ಬೆಂಚಿನವರು ಕಾಣುವುದಿಲ್ಲವೆಂದರೆ, “ಅದು ಇರುವೆಗಳಿಗೆ ಬರೆದದ್ದು. ನಿಮಗೆ ಟೀಚರ್ ಬರೀತಾರೆ” ಎನ್ನುವರು. ನಾನು ಗಂಟೆ ಬಾರಿಸುವ ಮೊದಲೇ ಬಂದು ಅವರ ತರಗತಿಯ ಬೋರ್ಡನ್ನೂ ಬರೆದಿಡುವುದನ್ನು ಅಭ್ಯಾಸ ಮಾಡಿಕೊಂಡೆ. ನಮ್ಮ ನಡುವೆ ಅದರ ಮಾತು ಬರಲೇ ಇಲ್ಲ.

ಹೀಗೆ ಎರಡು ವರ್ಷ ಸಾಗಿತು.

ಸಂಚಾಲಕರ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಕೊಡುವ ಕ್ರಮವಿತ್ತು. ದೀಪ ಹಚ್ಚಿ, ಎಡೆ ಬಡಿಸಿ, ಎಲ್ಲರೂ ಕೈಮುಗಿದು ನಿಲ್ಲುವುದು. ಆಗ ಪಾತ್ರಿಯ ಮೈಯಲ್ಲಿ ನಡುಕ ಹುಟ್ಟಿದರೆ ದೈವದ ದರ್ಶನವಾಯಿತೆಂದು ಅರ್ಥ. ಆ ಹೊತ್ತಿನಲ್ಲಿ ಅವನ ಬಾಯಿಂದ ಬಂದದ್ದೇ ತೀರ್ಪು, ಅದಕ್ಕೆ ಎದುರಾಡುವವರಿಲ್ಲ. ಆ ವರ್ಷ ಪಾತ್ರಿ ಜ್ವರ ಬಂದು ಮಲಗಿದ್ದ. ಕೇಳಬೇಕಾದ ಪ್ರಶ್ನೆ ಮಾತ್ರ ಸಿದ್ಧವಾಗಿತ್ತು. ದೈವದ ಗುಡಿಯ ಪಕ್ಕದ ಸಣ್ಣ ಮನೆಯಲ್ಲಿ ಬೀಡಿ ಕಟ್ಟಿಕೊಂಡು ಒಬ್ಬ ವಿಧವೆ ಮಕ್ಕಳೊಂದಿಗೆ ಇದ್ದಳು. ಸಂಚಾಲಕರ ಕೊಟ್ಟಿಗೆಯಲ್ಲಿ ದನಗಳು ಸಾಯತೊಡಗಿದ್ದವು. ಅವಳು ಅಲ್ಲಿರುವುದೇ ಅದಕ್ಕೆ ಕಾರಣ, ಅವಳನ್ನು ಅಲ್ಲಿಂದ ಒಕ್ಕಲೆಬ್ಬಿಸಬೇಕು ಎಂದು ಸಂಚಾಲಕರ ಸೋದರಮಾವ ಹಟ ಹಿಡಿದಿದ್ದರು. ಅವಳೂ ಬಂದು ಅಂಗಳದ ತುದಿಯಲ್ಲಿ ನಿಂತಿದ್ದಳು.

ಹೆಡ್ಮಾಷ್ಟ್ರು ಕೊಡೆಯನ್ನು ಜಗಲಿಯಲ್ಲಿಟ್ಟು ಮುಂದಿನ ಸಾಲಿನಲ್ಲಿ ಕೈಮುಗಿದರು. ನಾನು ಹೆಂಗಸರ ಕಡೆಯಿಂದ ಆ ಕೈಯನ್ನೇ ನೋಡುತ್ತಿದ್ದೆ. ಮೊದಲು ಬೆರಳು, ಆಮೇಲೆ ಮಣಿಕಟ್ಟು. ತಡೆಯಲು ಹೋದಷ್ಟೂ ಜಾಸ್ತಿಯಾಯಿತು. ನಡುಕ ಭುಜಕ್ಕೇರಿ ಗಲ್ಲವೂ ಅದುರಿತು.

“ದರ್ಶನ ಬಂತು” ಎಂದು ಯಾರೋ ಪಿಸುಗುಟ್ಟಿದರು.

ಜನ ಹಿಂದೆ ಸರಿದರು. ಸಂಚಾಲಕರು ತಲೆಬಾಗಿದರು. ಸೋದರಮಾವ ದರ್ಶನ ಬಂದವರಿಗೆ ಹಿಡಿಸುವ ಹಿಂಗಾರವನ್ನು, ಅಡಿಕೆಯ ಹೂಗೊಂಚಲನ್ನು, ತಂದು ಹೆಡ್ಮಾಷ್ಟ್ರ ಕೈಗಿಟ್ಟರು. ಅದು ಗಲಗಲ ಅಲುಗಿ ಬಿಳಿ ಹೂ ಅವರ ಕಾಲ ಬಳಿ ಉದುರತೊಡಗಿತು.

“ಆ ಹೆಂಗಸು ಇರಬೇಕೋ, ಹೋಗಬೇಕೋ? ಅಪ್ಪಣೆಯಾಗಬೇಕು.”

‘ಇರಲಿ’ ಎಂದು ಒಂದು ಮಾತು ಹೇಳಿದರೆ ಸಾಕು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳ ಮನೆ ಉಳಿಯುತ್ತದೆ, ಇವರ ಕೆಲಸವೂ ಉಳಿಯುತ್ತದೆ. ಹೆಡ್ಮಾಷ್ಟ್ರು ಹಿಂಗಾರವನ್ನು ನೋಡಿದರು, ಅಂಗಳದ ತುದಿಗೆ ನೋಡಿದರು. ಆಮೇಲೆ ತರಗತಿಯಲ್ಲಿ ಪಾಠ ಹೇಳುವ ಧ್ವನಿಯಲ್ಲೇ ಮಾತಾಡಿದರು.

“ಇದು ದೈವ ಅಲ್ಲ ಮಾರಾಯ್ರೆ, ಕಾಯಿಲೆ. ಈ ಕೈ ನಡುಗಿದಾಗೆಲ್ಲ ಒಬ್ಬರನ್ನು ಎಬ್ಬಿಸುದಾದ್ರೆ, ನಾನು ಹಲ್ಲುಜ್ಜಿ ಮುಗಿಸುವಾಗ ಊರಲ್ಲಿ ಒಂದು ಮನೆಯೂ ಉಳಿಲಿಕ್ಕಿಲ್ಲ.”

ದೈವದ ಎದುರು ತಮಾಷೆಯೇ ಎಂದು ಸೋದರಮಾವನ ಮುಖ ಕಪ್ಪಿಟ್ಟಿತು. ಹೆಡ್ಮಾಷ್ಟ್ರು ಅವರ ಕಡೆ ತಿರುಗಿದರು.

“ದನಗಳಿಗೆ ಪುತ್ತೂರಿನ ದನದ ಡಾಕ್ಟರನ್ನು ಕರೆಸಿ. ಅವರ ಕೈ ನಡುಗುದಿಲ್ಲ, ನಾನು ನೋಡಿದ್ದೇನೆ.”

ಸಂಚಾಲಕರ ಮುದಿ ತಾಯಿ ಮೊದಲು ನಕ್ಕರು. ಬಾಯಿಗೆ ಸೆರಗು ಒತ್ತಿ ಹಿಡಿದರೂ ತಡೆಯಲಾಗಲಿಲ್ಲ. ಒಬ್ಬರ ಹಿಂದೊಬ್ಬರಂತೆ ಅಂಗಳವೆಲ್ಲ ನಕ್ಕಿತು. ನಕ್ಕವರ ಮುಂದೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಸೋದರಮಾವನಿಗೆ ಬಾಯಿ ಬರಲಿಲ್ಲ. ಸಂಚಾಲಕರು ಮಾತ್ರ ನಗಲಿಲ್ಲ. ಅವರ ಕಣ್ಣು ಆ ಕೈಯ ಮೇಲಿತ್ತು.

ಹಿಂದಿರುಗುವ ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ. “ಇರಲಿ ಅಂತ ಹೇಳಿದ್ರೆ ಆಗ್ತಿತ್ತಲ್ಲ ಸಾರ್.”

“ಆಗ್ತಿತ್ತು. ನಾಳೆ ಬೆಳಿಗ್ಗೆ ಇನ್ನೊಬ್ಬರದ್ದು ಕೇಳ್ಲಿಕ್ಕೆ ಬರ್ತಿದ್ರು. ಆಗ ಎಂತ ಹೇಳುದು? ದೈವದ ಹೆಸರಲ್ಲಿ ಒಮ್ಮೆ ಸುಳ್ಳು ಹೇಳಿದ ಮೇಲೆ ಕೈಗಿಂತ ನಾಲಿಗೆಗೇ ಹೆದರಬೇಕಾಗ್ತದೆ ಟೀಚರ್.”

ಆ ತಿಂಗಳು ಮುಗಿಯುವುದರೊಳಗೆ ಸಂಚಾಲಕರು ಅವರನ್ನು ಕರೆಸಿ, ಮರ್ಯಾದೆಯಿಂದಲೇ, ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು. ಮಗಳು ಓದು ಬಿಟ್ಟು ಹೊಲಿಗೆ ಕಲಿತಳು. ಈ ನಷ್ಟವನ್ನು ಅವರು ತಮಾಷೆ ಮಾಡಿದ್ದನ್ನು ನಾನು ಕೇಳಲಿಲ್ಲ. ಉಳಿದ ಎಲ್ಲವನ್ನೂ ತಮಾಷೆ ಮಾಡಿದರು. ಗಂಜಿಯ ಚಮಚ ಬಾಯಿಗೆ ತಲುಪುವ ಮೊದಲೇ ಖಾಲಿಯಾದರೆ, “ನೆಲಕ್ಕೂ ಹಸಿವಾಗ್ತದೆ” ಎನ್ನುವರು. ಹೊಸ್ತಿಲಲ್ಲಿ ಕಾಲು ಕಿತ್ತು ಬಾರದೆ ನಿಂತುಬಿಟ್ಟರೆ, “ಬಸ್ಸು ಇಲ್ಲಿ ಸ್ವಲ್ಪ ಹೊತ್ತು ನಿಲ್ತದೆ, ಇಳಿಯುವವರು ಇಳಿಯಿರಿ” ಎಂದು ಹೆಂಡತಿಯನ್ನು ನಗಿಸುವರು. ನಾನು ಪ್ರತಿ ಶನಿವಾರ ಶಾಲೆ ಬಿಟ್ಟ ಕೂಡಲೇ ಹೋಗುತ್ತಿದ್ದೆ. ಕೊನೆಕೊನೆಗೆ ಮಾತು ಬರೀ ಉಸಿರಾಗಿತ್ತು. ತುಟಿಯ ಹತ್ತಿರ ಕಿವಿಯಿಟ್ಟು ಕೇಳಬೇಕಿತ್ತು. ಕೇಳಿದರೆ ನಗು ಬರುತ್ತಿತ್ತು. ನಕ್ಕು ಮುಗಿದ ಮೇಲೆ ಅವರ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಅರವತ್ತರ ದಶಕ ಅರ್ಧ ಕಳೆದಾಗ, ಒಂದು ಮಳೆಗಾಲದ ಆರಂಭದಲ್ಲಿ ಅವರು ತೀರಿಕೊಂಡರು. ಅವರ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ, ಆ ವಿಧವೆಯೂ ಬಂದಿದ್ದಳು. ಆಗಲೂ ಅದೇ ಮನೆಯಲ್ಲಿದ್ದಳು. ಕೈ ತೊಳೆಯುವಲ್ಲಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು:

“ಅವತ್ತು ಬಂದದ್ದು ದೈವವೇ ಟೀಚರ್. ಇಲ್ಲದಿದ್ರೆ ಅಷ್ಟು ಜನರ ಎದುರು ಹಾಗೆ ಹೇಳ್ಲಿಕ್ಕೆ ಯಾರಿಗೆ ಧೈರ್ಯ ಉಂಟು?”

ಮಕ್ಕಳ ತಪ್ಪುಗಳನ್ನು ದಿನವೂ ತಿದ್ದುವುದು ನನ್ನ ಕೆಲಸ. ಇದನ್ನು ತಿದ್ದಲು ನಾನು ಹೋಗಲಿಲ್ಲ. ಹೆಡ್ಮಾಷ್ಟ್ರು ಇದ್ದಿದ್ದರೆ ತಿದ್ದುತ್ತಿದ್ದರು, ಅವಳನ್ನು ನಗಿಸಿಯೇ.